ಬಾಗಿ ಕೂರುವ ಬೈಕ್ ಮತ್ತು ಮಣಿಕಟ್ಟಿನ ನೋವು

ಮಣಿಕಟ್ಟು ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ ಎಂದು ಬರುವ ತರುಣರನ್ನು ನಾನು ಮೊದಲು ಕೇಳುವುದು, ಯಾವ ಬೈಕ್ ಎಂದು. ಯಮಹಾ ಆರ್15ರಂತಹ ವಾಹನಗಳಲ್ಲಿ ಹ್ಯಾಂಡಲ್ ತಗ್ಗಿನಲ್ಲಿಯೂ ಫುಟ್‌ರೆಸ್ಟ್ ಹಿಂದಕ್ಕೂ ಇರುವುದರಿಂದ ದೇಹವು ಮುಂದಕ್ಕೆ ಬಾಗುತ್ತದೆ. ವೇಗದಲ್ಲಿ ಎದುರುಗಾಳಿಯು ಎದೆಗೆ ತುಸು ಆಸರೆಯಾಗುತ್ತದೆ. ಊರೊಳಗಿನ ನಿಧಾನಗತಿಯಲ್ಲಿ ಅದೂ ಇಲ್ಲದೆ ಮೈಭಾರವು ಅಂಗೈಗಳ ಮೇಲೆ ಬೀಳುತ್ತದೆ. ಸುಶ್ರುತರು ಮಣಿಬಂಧವನ್ನು ರುಜಾಕರ, ಅಂದರೆ ನೋವುಂಟುಮಾಡುವ ಮರ್ಮಗಳಲ್ಲಿ ಎಣಿಸಿದ್ದಾರೆ. ಅಲ್ಲಿ ನರಗಳು ಅದುಮಲ್ಪಟ್ಟಾಗಲೇ ಜೋಮು ಹಿಡಿಯುವುದು.

ಆದುದರಿಂದ ಭಾರವನ್ನು ಕೈಗಳಿಂದ ಇಳಿಸಬೇಕು. ತೊಡೆ, ಮೊಣಕಾಲುಗಳಿಂದ ಟ್ಯಾಂಕನ್ನು ಹಿತವಾಗಿ ಒತ್ತಿ ಹಿಡಿದು, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳ ಬಲದಿಂದ ಮೈಯನ್ನು ತಡೆದುಕೊಳ್ಳಿರಿ. ಬಾಗುವುದು ಸೊಂಟದ ಕೀಲಿನಿಂದಿರಲಿ, ಬೆನ್ನು ಗೂನಾಗದಿರಲಿ. ಮೊಣಕೈ ಸಡಿಲವಾಗಿ ಬಾಗಿರಲಿ. ಮುಂಗೈ ಮತ್ತು ಬೆರಳುಗಳು ಒಂದೇ ನೇರಕ್ಕೆ ಬರುವಂತೆ ಬ್ರೇಕ್, ಕ್ಲಚ್ ಲಿವರ್‌ಗಳ ಓರೆಯನ್ನು ಮೆಕ್ಯಾನಿಕ್‌ನಿಂದ ಸರಿಪಡಿಸಿಕೊಳ್ಳಬೇಕು. ಅಲ್ಪ ಕೆಲಸವಿದು, ಆದರೂ ಮಾಡಿಸಿದವರನ್ನು ನಾನು ಕಂಡುದು ವಿರಳ. ಗಂಟೆಗೊಮ್ಮೆ ಇಳಿದು ಕೈಕಾಲು ಚಾಚಬೇಕು. ಮೂತ್ರವೇಗವನ್ನು ತಡೆದು ಸವಾರಿ ಮಾಡಬಾರದು. ಸಂಜೆ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಕತ್ತು, ಸೊಂಟ, ಮಣಿಕಟ್ಟುಗಳಿಗೆ ಅಭ್ಯಂಗ ಹಿತಕರ. ಬೈಕ್ ಇಳಿದ ಮೇಲೂ ಜೋಮು ಉಳಿದರೆ, ಹಿಡಿದ ಲೋಟ ಜಾರತೊಡಗಿದರೆ, ಎಣ್ಣೆಯನ್ನು ನಂಬಿ ಕೂರದೆ ವೈದ್ಯರಲ್ಲಿ ನರಪರೀಕ್ಷೆ ಮಾಡಿಸತಕ್ಕದ್ದು.