ಒಂದೇ ನೊಗಕ್ಕೆ ಎಂಜಿನ್ನೂ ಮೋಟಾರೂ

ಗಾಡಿ ಕೊಳ್ಳಬೇಕೆಂದಿರುವ ಮನೆಗಳಲ್ಲಿ ಈಚೆಗೆ ‘ಹೈಬ್ರಿಡ್’ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ನಮ್ಮ ಬೆಳಗಾವಿ ಸೀಮೆಯ ರೈತರಿಗೆ ಈ ಮಾತು ಹೊಸದಲ್ಲ. ಹೈಬ್ರಿಡ್ ಜೋಳವನ್ನು ಅವರು ಬಹುಕಾಲದಿಂದ ಬಲ್ಲರು. ಎರಡು ತಳಿಗಳ ಗುಣವನ್ನು ಒಂದು ಬೀಜದಲ್ಲಿ ಕೂಡಿಸಿದರೆ ಅದು ಹೈಬ್ರಿಡ್ ಜೋಳ. ಎರಡು ಬಗೆಯ ಶಕ್ತಿಯನ್ನು ಒಂದು ಗಾಡಿಯಲ್ಲಿ ಕೂಡಿಸಿದರೆ ಅದು ಹೈಬ್ರಿಡ್ ಕಾರು. ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಗಂಟುಹಾಕಿದರೆ ನಮ್ಮ ವ್ಯಾಕರಣಕಾರರು ಅದನ್ನು ಅರಿಸಮಾಸವೆಂದು ಕರೆದು ಹುಬ್ಬು ಗಂಟಿಕ್ಕಿದರು. ಆದರೂ ಬಳಕೆಯಲ್ಲಿ ನೆಲೆನಿಂತ ಕೆಲವನ್ನು ಒಪ್ಪಿಕೊಂಡರು. ಯಂತ್ರದ ಮಾತೂ ಹೀಗೆಯೇ. ಬೆರಕೆ ಸರಿಯೋ ತಪ್ಪೋ ಎಂಬುದು ಬಳಕೆಯಿಂದಲೇ ತೀರ್ಮಾನವಾಗತಕ್ಕದ್ದು. ಬೆಳಗಾವಿ ಪೇಟೆಯಲ್ಲಿ ಓಡಾಡುವ, ಖಾನಾಪುರದ ದಾರಿ ಹಿಡಿಯುವ, ಆಗಾಗ ಘಟ್ಟ ಇಳಿದು ಗೋವೆಗೆ ಹೋಗಿಬರುವ ಒಂದು ಸಂಸಾರಕ್ಕೆ ಈ ಬೆರಕೆ ಗಾಡಿ ಎಷ್ಟರಮಟ್ಟಿಗೆ ಒದಗೀತು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಈ ಗಾಡಿಗೂ ನಮ್ಮೂರಿಗೂ ಒಂದು ಹಳೆಯ ನಂಟುಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಕಬ್ಬಿಣದ ನೇಗಿಲು ಬಂತು. ೧೯೧೦ರಲ್ಲಿ ಕಾರಖಾನೆ ಔಂಧ ಸಂಸ್ಥಾನದ ಸೀಮೆಗೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ಆ ಮನೆತನದ ಉದ್ಯಮ ಜಪಾನಿನ ಟೊಯೋಟಾ ಕಂಪನಿಯೊಡನೆ ೧೯೯೭ರಲ್ಲಿ ಕೈಗೂಡಿಸಿ, ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ಕಾರಖಾನೆ ಹೂಡಿತು. ಅದೇ ವರ್ಷ ಜಪಾನಿನಲ್ಲಿ ‘ಪ್ರಿಯಸ್’ ಎಂಬ ಹೈಬ್ರಿಡ್ ಕಾರು ಮಾರಾಟಕ್ಕೆ ಬಂದದ್ದು. ೨೦೨೨ರಲ್ಲಿ ಟೊಯೋಟಾ ಹೈರೈಡರ್, ಅದರ ಜೊತೆಹುಟ್ಟು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯಲ್ಲಿಯೇ ತಯಾರಾಗತೊಡಗಿದವು. ೨೦೨೫ರ ಸೆಪ್ಟೆಂಬರಿನಲ್ಲಿ ಮಾರುತಿಯವರ ವಿಕ್ಟೋರಿಸ್ ಎಂಬ ಇನ್ನೊಂದು ಗಾಡಿ ಇದೇ ಯಂತ್ರವನ್ನು ಹೊತ್ತು ಬಂತು. ಈ ಮೂರೂ ಸುಮಾರು ನಾಲ್ಕೂಕಾಲು ಮೀಟರಿಗೆ ಮಿಕ್ಕ ಉದ್ದದವು. ನೆಲದಿಂದ ಎತ್ತರವಾಗಿ ನಿಲ್ಲತಕ್ಕವು. ಪೇಟೆಯಲ್ಲಿ ಇವನ್ನು ಕಾಂಪ್ಯಾಕ್ಟ್ ಎಸ್.ಯು.ವಿ. ಎನ್ನುವರು.

ಮೊದಲು ಯಂತ್ರದ ಮರ್ಮವನ್ನು ತಿಳಿಯೋಣ. ಹಳೆಯ ಸೈಕಲ್ಲಿಗೆ ದೀಪ ಉರಿಸಲು ಡೈನಮೊ ಕಟ್ಟುತ್ತಿದ್ದುದು ಹಲವರಿಗೆ ನೆನಪಿರಬಹುದು. ಡೈನಮೊವನ್ನು ಗಾಲಿಗೆ ತಾಗಿಸಿದೊಡನೆ ಪೆಡಲು ಭಾರವಾಗುತ್ತಿತ್ತು. ವಿದ್ಯುತ್ತು ಬಿಟ್ಟಿ ಬರುವುದಿಲ್ಲ. ಗಾಲಿಯ ಓಟವನ್ನು ಅಷ್ಟು ಕಡಿಮೆ ಮಾಡಿಯೇ ಅದು ಹುಟ್ಟುತ್ತದೆ. ಈಗ ಇದನ್ನೇ ತಿರುವುಮುರುವಾಗಿ ಯೋಚಿಸಿ. ಗಾಡಿಯನ್ನು ನಿಲ್ಲಿಸಬೇಕಾದಾಗಲೇ ಡೈನಮೊ ತಾಗಿಸಿದರೆ ಹೇಗೆ? ಗಾಡಿ ನಿಧಾನವಾಗುತ್ತದೆ, ವಿದ್ಯುತ್ತೂ ಸಿಗುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಓಟದ ಶಕ್ತಿಯೆಲ್ಲ ಕಾವಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್ ಗಾಡಿಯಲ್ಲಿ ಅದರ ಒಂದು ಪಾಲು ಬ್ಯಾಟರಿಗೆ ಸೇರಿ, ಮುಂದೆ ಹೊರಡುವಾಗ ಮೋಟಾರನ್ನು ತಿರುಗಿಸುತ್ತದೆ.

ಎರಡನೆಯ ಮರ್ಮ ಎಂಜಿನ್ನಿನ ಸ್ವಭಾವದ್ದು. ಪೆಟ್ರೋಲ್ ಎಂಜಿನ್ನು ಹದವಾದ ಹೊರೆಯಲ್ಲಿ ಚೆನ್ನಾಗಿ ದುಡಿಯುತ್ತದೆ. ತೆವಳುವ ಓಟದಲ್ಲಿ ತಿಂದದ್ದು ಹೆಚ್ಚು, ದುಡಿದದ್ದು ಕಡಿಮೆ. ವಿದ್ಯುತ್ ಮೋಟಾರು ಹಾಗಲ್ಲ. ನಿಂತ ನಿಲುವಿನಿಂದಲೇ ಪೂರ್ತಿ ಬಲದಿಂದ ಎಳೆಯುತ್ತದೆ. ಆದುದರಿಂದ ಹೊರಡುವ, ತೆವಳುವ ಕೆಲಸ ಮೋಟಾರಿಗೆ. ಸಮನಾಗಿ ಓಡುವ ಕೆಲಸ ಎಂಜಿನ್ನಿಗೆ. ಏರು ಬಂದಾಗ ಇಬ್ಬರಿಗೂ. ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂದಾಗದ ಹಾಗೆ ಇವೆರಡನ್ನೂ ಒಂದೇ ನೊಗಕ್ಕೆ ಹೊಂದಿಸುವುದು ಹಲ್ಲುಗಾಲಿಗಳ ಒಂದು ಜೋಡಣೆ ಮತ್ತು ಅದರ ಮೇಲಿನ ಗಣಕಯಂತ್ರ. ಓಡಿಸುವವರು ಗೇರು ಬದಲಿಸಬೇಕಾದುದಿಲ್ಲ. ಗಾಡಿಯನ್ನು ವಿದ್ಯುತ್ ಪ್ಲಗ್ಗಿಗೆ ಚುಚ್ಚಬೇಕಾದುದೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಅಂಗಡಿಯಲ್ಲಿ ಹೈಬ್ರಿಡ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸರಕುಗಳುಂಟು. ಮೈಲ್ಡ್ ಹೈಬ್ರಿಡ್ ಎಂಬುದರಲ್ಲಿ ಮೋಟಾರು ಎಂಜಿನ್ನಿಗೆ ಸ್ವಲ್ಪ ಕೈ ಆನಿಸುತ್ತದೆಯೇ ಹೊರತು ತಾನೊಂದೇ ಗಾಡಿಯನ್ನು ಎಳೆಯಲಾರದು. ಸ್ಟ್ರಾಂಗ್ ಹೈಬ್ರಿಡ್ ಎಂಬುದರಲ್ಲಿ ಮಾತ್ರ ಎಂಜಿನ್ನು ಆರಿದ್ದಾಗಲೂ ಗಾಡಿ ಓಡುತ್ತದೆ. ಹೈರೈಡರಿನ ಸ್ಟ್ರಾಂಗ್ ಹೈಬ್ರಿಡ್ಡಿಗೆ ೧೪೯೦ ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನು. ಅದರ ಬಲ ೯೨ ಅಶ್ವಶಕ್ತಿ, ಮೋಟಾರಿನದು ೮೦. ಎರಡೂ ಕೂಡಿದರೆ ೧೭೨ ಆಗುವುದಿಲ್ಲ, ಸುಮಾರು ೧೧೬ ಆಗುತ್ತದೆ; ಇಬ್ಬರೂ ತಮ್ಮ ಪೂರ್ತಿ ಬಲವನ್ನು ಒಂದೇ ಗಳಿಗೆಯಲ್ಲಿ ಕೊಡುವುದಿಲ್ಲವಾದುದರಿಂದ ಈ ಲೆಕ್ಕ. ಕೊಳ್ಳುವವರು ಯಾವ ಹೈಬ್ರಿಡ್ ಎಂದು ಕೇಳಿ, ಕಾಗದದಲ್ಲಿ ಬರೆಸಿಕೊಳ್ಳುವುದು ಲೇಸು.

ಇನ್ನು ಎದುರಾಳಿಗಳು. ಹ್ಯುಂಡೈ ಕ್ರೆಟಾ ಪೆಟ್ರೋಲ್, ಡೀಸೆಲ್ ಎರಡರಲ್ಲಿಯೂ ಸಿಗುತ್ತದೆ. ೨೦೨೫ರ ಜನವರಿಯಿಂದ ಕೇವಲ ವಿದ್ಯುತ್ತಿನ ಕ್ರೆಟಾ ಕೂಡ ಉಂಟು. ೨೦೨೩ರಲ್ಲಿ ಬಂದ ಹೊಂಡಾ ಎಲಿವೇಟ್ ಪೆಟ್ರೋಲಿನದು. ೧೨೧ ಅಶ್ವಶಕ್ತಿಯ ನಾಲ್ಕು ಸಿಲಿಂಡರು, ನೆಲದಿಂದ ೨೨೦ ಮಿಲಿಮೀಟರ್ ಎತ್ತರ, ಸಾಮಾನಿಗೆ ೪೫೮ ಲೀಟರಿನ ವಿಶಾಲ ಜಾಗ. ಹೈರೈಡರಿನ ಸ್ಟ್ರಾಂಗ್ ಹೈಬ್ರಿಡ್ಡಿನಲ್ಲಿ ಬ್ಯಾಟರಿ ಹಿಂದುಗಡೆ ಕುಳಿತಿರುವುದರಿಂದ ಸಾಮಾನಿನ ಜಾಗ ಕುಗ್ಗಿದೆ. ಮದುವೆ, ಜಾತ್ರೆಗಳಿಗೆ ಗಂಟುಮೂಟೆ ಹೊತ್ತು ಹೋಗುವ ಸಂಸಾರಗಳು ಇದನ್ನು ಕಣ್ಣಾರೆ ನೋಡಿಯೇ ಮುಂದುವರಿಯಬೇಕು.

ಈಗ ಲೆಕ್ಕಕ್ಕೆ ಬರೋಣ. ಹೈಬ್ರಿಡ್ಡಿಗೆ ಗೇರು ಬದಲಿಸುವ ಕೆಲಸವಿಲ್ಲವಾದುದರಿಂದ ಎದುರಾಳಿಗಳಲ್ಲಿಯೂ ಸ್ವಯಂಚಾಲಿತ ಗೇರಿನವನ್ನೇ ತೆಗೆದುಕೊಳ್ಳುವುದು ನ್ಯಾಯ. ಕಂಪನಿಗಳು ಸಾರಿರುವಂತೆ ಒಂದು ಲೀಟರಿಗೆ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ ೨೭.೯೭ ಕಿಲೋಮೀಟರ್ ಓಡುತ್ತದೆ. ಅದರ ಮೈಲ್ಡ್ ಹೈಬ್ರಿಡ್ ೨೦.೫೮, ಕ್ರೆಟಾ ಡೀಸೆಲ್ ೧೯.೧, ಕ್ರೆಟಾ ಪೆಟ್ರೋಲ್ ೧೭.೭, ಎಲಿವೇಟ್ ೧೬.೯೨. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಾಟ, ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ, ಡೀಸೆಲ್ ತೊಂಬತ್ತು ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳಿ. ಆಗ ಸ್ಟ್ರಾಂಗ್ ಹೈಬ್ರಿಡ್ಡಿನ ಖರ್ಚು ಸುಮಾರು ೩೫,೮೦೦ ರೂಪಾಯಿ, ಮೈಲ್ಡ್ ಹೈಬ್ರಿಡ್ಡಿನದು ೪೮,೬೦೦, ಕ್ರೆಟಾ ಡೀಸೆಲಿನದು ೪೭,೧೦೦, ಕ್ರೆಟಾ ಪೆಟ್ರೋಲಿನದು ೫೬,೫೦೦, ಎಲಿವೇಟಿನದು ೫೯,೧೦೦.

ಮೇಲುನೋಟಕ್ಕೆ ಹೈಬ್ರಿಡ್ ಗೆದ್ದಿತು. ಆದರೆ ಕೊಳ್ಳುವಾಗ ಕೊಟ್ಟ ಹಣವನ್ನೂ ಇದರೊಡನೆ ತೂಗಬೇಡವೇ? ಸ್ಟ್ರಾಂಗ್ ಹೈಬ್ರಿಡ್ ಮೈಲ್ಡಿಗಿಂತ ಎರಡು ಲಕ್ಷ ರೂಪಾಯಿ ಹೆಚ್ಚಿಗೆ ಬಿದ್ದಿತೆನ್ನಿ. ವರ್ಷಕ್ಕೆ ಉಳಿಯುವುದು ೧೨,೮೦೦ ರೂಪಾಯಿ. ಹೆಚ್ಚಿಗೆ ತೆತ್ತದ್ದು ತಿರುಗಿ ಕೈಸೇರಲು ಹದಿನೈದು ವರ್ಷಕ್ಕೂ ಮೇಲಾಗುತ್ತದೆ! ಅದೇ ಗಾಡಿ ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್ ಓಡಿದರೆ ಐದು ವರ್ಷ ಚಿಲ್ಲರೆಯಲ್ಲಿ ಹಣ ಮರಳುತ್ತದೆ. ಗಾಡಿ ಸಾಲದ ಮೇಲೆ ಬಂದಿದ್ದರೆ ಬಡ್ಡಿಯನ್ನೂ ಕೂಡಿಸಬೇಕು. ಅಂಗಡಿಯಲ್ಲಿ ಮೈಲೇಜಿನ ಮಾತು ಬೇಗ ಬರುತ್ತದೆ. ಈ ಭಾಗಾಕಾರ ಮಾತ್ರ ಕೊಳ್ಳುವವರ ಪಾಲಿಗೆ ಉಳಿಯುತ್ತದೆ. ಮಗಳ ಓದಿಗೋ ಮನೆಯ ಛಾವಣಿಗೋ ಇಟ್ಟ ಎರಡು ಲಕ್ಷವನ್ನು ಮೈಲೇಜಿನ ಆಸೆಗೆ ಸುರಿಯುವ ಮುನ್ನ ಕಾಗದ, ಪೆನ್ಸಿಲು ಹಿಡಿದು ಕುಳಿತುಕೊಳ್ಳುವುದು ಒಳ್ಳೆಯದು.

ತೆರಿಗೆಯ ಸಂಗತಿಯೂ ಇದಕ್ಕೆ ಕಾರಣ. ೨೦೨೫ರ ಸೆಪ್ಟೆಂಬರ್ ೨೨ರಿಂದ ನಾಲ್ಕು ಮೀಟರಿಗೆ ಮಿಕ್ಕ ಉದ್ದದ ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಗಾಡಿಗಳಿಗೆಲ್ಲ ಜಿ.ಎಸ್.ಟಿ. ಶೇಕಡಾ ೪೦, ಕೇವಲ ವಿದ್ಯುತ್ತಿನ ಗಾಡಿಗೆ ಶೇಕಡಾ ೫. ಅರ್ಧ ವಿದ್ಯುತ್ತಿನ ಹೈಬ್ರಿಡ್ಡಿಗೆ ಅರ್ಧ ರಿಯಾಯಿತಿಯೂ ದೊರೆತಿಲ್ಲ.

ಇನ್ನೊಂದು ವಿಷಯ: ಕಂಪನಿಯ ಅಂಕಿಗಳು ಪರೀಕ್ಷಾಶಾಲೆಯಲ್ಲಿ ಅಳೆದವು. ರಸ್ತೆಯಲ್ಲಿ ಎಲ್ಲವೂ ಇಳಿಯುತ್ತವೆ, ಆದರೆ ಸಮನಾಗಿ ಇಳಿಯುವುದಿಲ್ಲ. ಗಣಪತ ಗಲ್ಲಿ, ಖಡೇಬಜಾರುಗಳ ಜನಸಂದಣಿಯಲ್ಲಿ ನಿಂತು ನಿಂತು ಹೋಗುವಾಗ ಪೆಟ್ರೋಲ್ ಗಾಡಿಯ ಮೈಲೇಜು ತೀರ ಕುಸಿಯುತ್ತದೆ. ಹೈಬ್ರಿಡ್ ಅಲ್ಲಿಯೇ ತನ್ನ ಜಾಣತನ ತೋರಿಸುತ್ತದೆ. ಪಿರನವಾಡಿ, ಮಚ್ಛೆ ದಾಟಿ ಖಾನಾಪುರದ ಹೆದ್ದಾರಿಗೆ ಬಿದ್ದರೆ ಕಥೆ ಬೇರೆ. ಅಲ್ಲಿ ಬ್ರೇಕು ಒತ್ತುವುದೇ ಅಪರೂಪ. ಒತ್ತದ ಬ್ರೇಕಿನಿಂದ ವಿದ್ಯುತ್ತು ಹುಟ್ಟೀತು ಹೇಗೆ? ಸಮನಾದ ವೇಗದಲ್ಲಿ ಗಾಳಿಯನ್ನು ಸೀಳುವುದೇ ದೊಡ್ಡ ಕೆಲಸ, ಅದನ್ನು ಬಹುಮಟ್ಟಿಗೆ ಎಂಜಿನ್ನೇ ಮಾಡಬೇಕು. ದಿನಾಲೂ ಬೆಳಗಾವಿಯಿಂದ ಖಾನಾಪುರಕ್ಕೆ ನೌಕರಿಗೆ ಹೋಗಿಬರುವವರಿಗೆ ಸುಮಾರು ಐವತ್ತು ಕಿಲೋಮೀಟರಾಗುತ್ತದೆ, ವರ್ಷಕ್ಕೆ ಹದಿನೈದು ಸಾವಿರದಷ್ಟು. ಓಟ ಹೆಚ್ಚಾದರೂ ದಾರಿ ಬಯಲಾದುದರಿಂದ ಡೀಸೆಲ್ ಗಾಡಿ ಅಲ್ಲಿ ಹೈಬ್ರಿಡ್ಡಿಗೆ ಸಮೀಪ ಬಂದು ನಿಲ್ಲುತ್ತದೆ. ಅದೇ ಡೀಸೆಲ್ ಗಾಡಿ ಟಿಳಕವಾಡಿಯಿಂದ ಪೇಟೆಗೆ ಮೂರು ಕಿಲೋಮೀಟರ್ ಮಾತ್ರ ಓಡಾಡುತ್ತಿದ್ದರೆ ಹೊಗೆಯ ಮಸಿ ಹಿಡಿಯುವ ಅದರ ಸೋಸುಬುಟ್ಟಿ ಚೆನ್ನಾಗಿ ಕಾಯದೆ ಕಟ್ಟಿಕೊಳ್ಳುವ ಸಂಭವವುಂಟು.

ಘಟ್ಟದ ಮಾತು ಸ್ವಾರಸ್ಯವಾದುದು. ಲೋಂಡಾ ದಾಟಿ ಅನಮೋಡ ಘಟ್ಟವನ್ನೋ, ಜಾಂಬೋಟಿ, ಕಣಕುಂಬಿಗಳ ಮೇಲಿಂದ ಚೋರ್ಲಾ ಘಟ್ಟವನ್ನೋ ಇಳಿಯುವಾಗ ಬ್ಯಾಟರಿ ತುಂಬುತ್ತಲೇ ಹೋಗುವುದೆಂದು ಹಲವರ ನಂಬಿಕೆ. ಹೈರೈಡರಿನ ಬ್ಯಾಟರಿ ಚಿಕ್ಕದು, ಒಂದು ಯೂನಿಟ್ಟಿನ ಮುಕ್ಕಾಲು ಪಾಲು ಮಾತ್ರ ಹಿಡಿಯತಕ್ಕದ್ದು. ಜನರನ್ನು ಕೂಡಿಸಿಕೊಂಡ ಗಾಡಿಯ ತೂಕ ೧,೬೦೦ ಕಿಲೋ ಎಂದಿಟ್ಟುಕೊಂಡರೆ, ಒಂದು ಚೂರೂ ಪೋಲಾಗದಿದ್ದರೂ, ಸುಮಾರು ೧೭೫ ಮೀಟರಿನ ಇಳಿತಕ್ಕೆ ಬರಿದಾದ ಬ್ಯಾಟರಿ ಭರ್ತಿಯಾಗುತ್ತದೆ. ಘಟ್ಟದ ಇಳಿತ ಅದಕ್ಕೂ ಹೆಚ್ಚಿನದು. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಹೊರಗೆ ಚೆಲ್ಲುತ್ತದೆ. ಉಳಿದ ಶಕ್ತಿ ಮತ್ತೆ ಕಾವಾಗಿಯೇ ಹೋಗುತ್ತದೆ. ಆದುದರಿಂದ ಇಳಿಜಾರಿನಲ್ಲಿ ಗೇರಿನ ಹಿಡಿಯನ್ನು ‘ಬಿ’ ಎಂಬಲ್ಲಿಗೆ ತಂದು, ಎಂಜಿನ್ನಿನ ತಡೆಯನ್ನೂ ಬಳಸಿಕೊಳ್ಳಬೇಕು. ಏರುವಾಗ ಬ್ಯಾಟರಿ ಬೇಗ ಬಳಲಿ, ಮೂರು ಸಿಲಿಂಡರಿನ ಎಂಜಿನ್ನು ಗಟ್ಟಿಯಾಗಿ ಕೂಗುತ್ತದೆ. ಅಲ್ಲಿ ಡೀಸೆಲ್ ಕ್ರೆಟಾದ ಎಳೆತವೇ ಮೇಲು.

ಖಾನಾಪುರದ ಕಾಡುಸೀಮೆಯ ಮಳೆಗಾಲವನ್ನು ಎಲ್ಲರೂ ಬಲ್ಲರು. ಮಲಪ್ರಭೆಯ ಹುಟ್ಟೂರಾದ ಕಣಕುಂಬಿಯ ಕಡೆ ಜೂನಿನಿಂದ ಆಕಾಶ ಕಳಚಿ ಬೀಳುತ್ತದೆ. ಕೆಸರುದಾರಿಯ ಹಳ್ಳಿಯಲ್ಲಿ ಮನೆಯಿದ್ದವರು ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನು ಹುಡುಕುವರು. ಹೈರೈಡರಿನಲ್ಲಿ ಆ ಸೌಕರ್ಯ ಮೈಲ್ಡ್ ಹೈಬ್ರಿಡ್ಡಿನ ಒಂದು ಮಾದರಿಗೆ ಉಂಟು, ಸ್ಟ್ರಾಂಗ್ ಹೈಬ್ರಿಡ್ಡಿಗಿಲ್ಲ. ಮರ ಬಿದ್ದು ತಂತಿ ಹರಿದ ದಿನಗಳಲ್ಲಿ ಕೇವಲ ವಿದ್ಯುತ್ತಿನ ಗಾಡಿಯವರು ಮುಂದಾಲೋಚನೆಯಿಂದ ಇರಬೇಕಾಗುತ್ತದೆ. ಹೈಬ್ರಿಡ್ಡಿಗೆ ಆ ಚಿಂತೆಯಿಲ್ಲ. ಬ್ಯಾಟರಿ ಕೆಟ್ಟರೆ ಗತಿಯೇನೆಂದು ಅಂಜುವವರಿಗೆ ಒಂದು ಸಮಾಧಾನ: ಹೈರೈಡರಿನ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ ೧,೬೦,೦೦೦ ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ಕಂಪನಿಯ ಭರವಸೆಯುಂಟು.

ಒಟ್ಟಿನಲ್ಲಿ ಯಾರಿಗೆ ಯಾವುದು? ಬಾಡಿಗೆಗೆ ಓಡಿಸುವವರು, ಊರೊಳಗೆ ದಿನವಿಡೀ ಸುತ್ತುವ ವೈದ್ಯರು, ವ್ಯಾಪಾರಿಗಳು ಸ್ಟ್ರಾಂಗ್ ಹೈಬ್ರಿಡ್ ಕೊಂಡರೆ ಹಣ ಮರಳೀತು. ಹೆದ್ದಾರಿ, ಘಟ್ಟಗಳಲ್ಲಿಯೇ ಹೆಚ್ಚು ಓಡುವವರಿಗೆ ಡೀಸೆಲ್ ಈಗಲೂ ಹಳಸಿಲ್ಲ. ಮನೆಯಲ್ಲಿ ಚಾರ್ಜು ಮಾಡಲು ಜಾಗವಿದ್ದು, ಓಡಾಟವೆಲ್ಲ ಪೇಟೆಯಲ್ಲಿಯೇ ಮುಗಿಯುವವರು ವಿದ್ಯುತ್ ಗಾಡಿಯನ್ನು ವಿಚಾರಿಸಬಹುದು. ರವಿವಾರ ಗುಡಿಗೆ, ವರ್ಷಕ್ಕೆರಡು ಬಾರಿ ಊರಿಗೆ ಎನ್ನುವ ಸಂಸಾರಕ್ಕೆ ಸಾದಾ ಪೆಟ್ರೋಲ್ ಅಥವಾ ಮೈಲ್ಡ್ ಹೈಬ್ರಿಡ್ ಸಾಕು. ಹಣದ ಲೆಕ್ಕವನ್ನು ಬದಿಗಿಟ್ಟು, ಸದ್ದಿಲ್ಲದ ಓಟಕ್ಕಾಗಿಯೋ ಹೊಗೆ ಕಡಿಮೆಯಾಗಲೆಂದೋ ಹೈಬ್ರಿಡ್ ಕೊಳ್ಳುವವರಿದ್ದರೆ ಅದು ತಪ್ಪಲ್ಲ; ಆದರೆ ಅದು ಉಳಿತಾಯವಲ್ಲ, ಮನಸ್ಸಿನ ಒಲವು ಎಂದು ತಿಳಿದು ಕೊಳ್ಳಬೇಕು.

ಕೊನೆಯದಾಗಿ ಒಂದು ಸುಲಭ ಉಪಾಯ. ಈಗಿರುವ ಗಾಡಿಗೆ ಟ್ಯಾಂಕು ಭರ್ತಿ ಎಣ್ಣೆ ಹಾಕಿಸಿ, ಮೀಟರಿನ ಅಂಕಿ ಬರೆದಿಟ್ಟು, ಮತ್ತೆ ಭರ್ತಿ ಮಾಡಿಸುವಾಗ ಎಷ್ಟು ಲೀಟರ್ ಹಿಡಿಯಿತು, ಎಷ್ಟು ಕಿಲೋಮೀಟರ್ ಓಡಿತು ಎಂದು ಮೂರು ತಿಂಗಳು ಗುರುತು ಹಾಕಿರಿ. ಅದರಲ್ಲಿ ಪೇಟೆಯ ಪಾಲೆಷ್ಟು, ಹೆದ್ದಾರಿಯ ಪಾಲೆಷ್ಟು ಎಂಬುದನ್ನೂ ಬರೆಯಿರಿ. ಆ ಪುಟವನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋದರೆ, ಯಾವ ಗಾಡಿ ನಿಮ್ಮ ಮನೆಯಂಗಳಕ್ಕೆ ತಕ್ಕುದೆಂಬುದು ಮಾರುವವರಿಗಿಂತ ಮೊದಲು ನಿಮಗೇ ತಿಳಿದಿರುತ್ತದೆ.