ಮೇಣ ಅಂಟಿದ ಶನಿವಾರ

ಊರಿಂದ ಅಪ್ಪ ಬಸ್ಸಿಗೆ ಹಾಕಿ ಕಳಿಸಿದ್ದು 12 ಕೆಜಿಯ ಒಂದು ಹಲಸಿನ ಹಣ್ಣು. ಪ್ರತಿವರ್ಷ ಅವರೇ ಬೆಂಗಳೂರಿಗೆ ಬಂದು ಬಿಡಿಸಿ ಕೊಡುತ್ತಿದ್ದರು. ಈ ಸಲ ಮಂಡಿನೋವು, ಹಣ್ಣು ಮಾತ್ರ ಬಂತು.

ದಿನವಿಡೀ ಕೋಡ್ ಬರೆಯೋನಿಗೆ ಇದೇನು ಮಹಾ ಅಂತ ಚಾಕು ಹಾಕಿದೆ. ಹತ್ತೇ ನಿಮಿಷ. ಕೈ, ಚಾಕು, ನಲ್ಲಿ, ಫ್ರಿಜ್ ಬಾಗಿಲು, ಎಲ್ಲಾ ಕಡೆ ಮೇಣ. ಸೋಪು ಹಾಕಿ ಉಜ್ಜಿದಷ್ಟೂ ಅಂಟು. ಅಷ್ಟರಲ್ಲಿ ಅಪ್ಪನ ಫೋನ್. ಮೊಣಕೈಯಲ್ಲಿ ಸ್ಪೀಕರ್ ಒತ್ತಿದೆ.

"ಎಣ್ಣೆ ಹಚ್ಕೊಂಡ್ಯೇನೋ?"

"ಇಲ್ಲಪ್ಪ."

"ಮೇಣ ನೀರಿಗೆ ಬಗ್ಗಲ್ಲ ಕಣೋ, ಎಣ್ಣೆಗೇ ಬಗ್ಗೋದು. ಕೈಗೂ ಚಾಕುಗೂ ಕೊಬ್ಬರಿ ಎಣ್ಣೆ ಸವರು. ಮೇಣ ಪೇಪರಲ್ಲಿ ಒರೆಸು. ಮೊದಲು ನಡುವಿನ ದಿಂಡು ತೆಗಿ."

ಒಂದೂವರೆ ಗಂಟೆ ಕಾಲ್ ಕಟ್ ಮಾಡಲಿಲ್ಲ. ಸಿಪ್ಪೆ, ದಿಂಡು, ನಾರು ಹೋಗಿ ತೊಳೆ ಉಳಿದದ್ದು ಅರ್ಧಕ್ಕಿಂತ ಕಮ್ಮಿ. "ಬೀಜ ಬಿಸಾಕ್ಬೇಡ, ಸಾರಿಗೆ ಹಾಕು," ಅಂದರು.

"ನೀವು ತಿಂದ್ರಾ ಅಪ್ಪ?"

"ಒಬ್ನೇ ಎಲ್ಲಿ ಬಿಡಿಸ್ಲೋ? ಕೂರಕ್ಕಾಗಲ್ಲ."

ಬಿಡಿಸಿದ ತೊಳೆ ಆ್ಯಪಲ್ಲೂ ಸಿಗುತ್ತೆ ಅಂತ ಹೇಳೋಕೆ ಹೊರಟವನು ಸುಮ್ಮನಾದೆ. ಮುಂದಿನ ಶುಕ್ರವಾರಕ್ಕೆ ರಜೆ ಹಾಕಿದ್ದೀನಿ. ಊರಿನ ಹಣ್ಣು ಈ ಸಲ ನಾನು ಬಿಡಿಸ್ತೀನಿ. ಎಣ್ಣೆ ಮೊದಲೇ ಹಚ್ಕೊಂಡು.