ನಿಲ್ಲಬಲ್ಲವನೇ ಸವಾರ

ಸೇಡಂ ತಾಲ್ಲೂಕಿನ ಮುಧೋಳದ ಸುತ್ತಣ ಎರೆಹೊಲಗಳ ದಾರಿಯನ್ನು ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಮಳೆ ಬಿದ್ದ ಮರುದಿನ ಅಲ್ಲಿ ಬಂಡಿಯ ಗಾಲಿಗೂ ಬೈಕಿನ ಚಕ್ರಕ್ಕೂ ಮಣ್ಣು ಮೆತ್ತಿಕೊಂಡು ಮುಂದೆ ಸಾಗಗೊಡದು. ಅವಸರಕ್ಕೆ ಅಲ್ಲಿ ಬೆಲೆಯಿಲ್ಲ. ನೆಲದ ಗುಣವನ್ನರಿತವನೇ ಊರು ಸೇರುವನು. ದಾರಿಯಿಲ್ಲದ ಮರುಭೂಮಿಯಲ್ಲಿ ವಾಹನ ನಡೆಸುವ ವಿದ್ಯೆಗೂ ಇದೇ ಮೂಲಸೂತ್ರ. ಮರಳಿನಲ್ಲಿ ಟೈರಿನ ಗಾಳಿಯನ್ನು ತಗ್ಗಿಸುವರು; ಆಗ ಟೈರು ಅಗಲವಾಗಿ ಹರಡಿಕೊಂಡು, ಹೂತುಹೋಗುವುದು ಕಡಿಮೆಯಾಗುತ್ತದೆ.

ಈ ವಿದ್ಯೆಯ ಕಠಿಣತಮ ಪರೀಕ್ಷೆಗಳಲ್ಲೊಂದು ಡಕಾರ್ ರ‍್ಯಾಲಿ. 1977ರಲ್ಲಿ ಲಿಬಿಯಾದ ಮರಳುಗಾಡಿನಲ್ಲಿ ದಾರಿ ತಪ್ಪಿ ಬದುಕಿ ಬಂದ ಫ್ರಾನ್ಸಿನ ಥಿಯೆರಿ ಸಬೀನ್ ಎಂಬುವರು, 1978ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಸೆನೆಗಲ್ ದೇಶದ ಡಕಾರ್ ನಗರದವರೆಗೆ ಇದನ್ನು ಆರಂಭಿಸಿದರು. ಈ ಸ್ಪರ್ಧೆ 2009ರಲ್ಲಿ ದಕ್ಷಿಣ ಅಮೆರಿಕಕ್ಕೂ 2020ರಲ್ಲಿ ಸೌದಿ ಅರೇಬಿಯಕ್ಕೂ ಸ್ಥಳಾಂತರಗೊಂಡಿತು. ಬೈಕ್ ಸವಾರನ ಬಳಿ ದಾರಿ ಹೇಳುವ ಜೊತೆಗಾರನಿರುವುದಿಲ್ಲ. ದೂರ, ದಿಕ್ಕು, ಅಪಾಯಗಳ ಗುರುತುಗಳುಳ್ಳ ರೋಡ್‌ಬುಕ್ಕನ್ನು ನೋಡುತ್ತ ತಾನೇ ದಾರಿ ಕಂಡುಕೊಳ್ಳಬೇಕು.

ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು 2015ರಲ್ಲಿ ಅರ್ಜೆಂಟೀನ, ಚಿಲಿ, ಬೊಲಿವಿಯ ದೇಶಗಳಲ್ಲಿ ನಡೆದ ಈ ರ‍್ಯಾಲಿಯನ್ನು 36ನೆಯ ಸ್ಥಾನದೊಂದಿಗೆ ಪೂರೈಸಿದರು. ಹೀಗೆ ಪೂರೈಸಿದ ಭಾರತೀಯರಲ್ಲಿ ಅವರೇ ಮೊದಲಿಗರು. ಅನೇಕರು ಅರ್ಧದಲ್ಲೇ ಹಿಂದೆಗೆಯುವ ಹಾದಿಯಲ್ಲಿ ಕೊನೆ ಮುಟ್ಟುವುದೇ ಒಂದು ಸಾಧನೆ.

ಆದರೆ ಮರುಭೂಮಿ ಯಾರಿಗೂ ದಾಕ್ಷಿಣ್ಯ ತೋರುವುದಿಲ್ಲ. 2020ರ ಜನವರಿ 12ರಂದು ಸಂತೋಷರ ತಂಡದವರೇ ಆದ ಪೋರ್ಚುಗಲ್ಲಿನ ಪಾವ್ಲೊ ಗೊನ್ಸಾಲ್ವಿಸ್ ಸೌದಿಯಲ್ಲಿ ಬಿದ್ದು ಅಸುನೀಗಿದರು. ಮರುವರ್ಷ ಜನವರಿಯಲ್ಲಿ ಸಂತೋಷರೂ ಅಲ್ಲಿಯೇ ಬಿದ್ದು ತಲೆಗೆ ಪೆಟ್ಟಾಗಿ, ರಿಯಾದ್ ನಗರದ ಆಸ್ಪತ್ರೆ ಸೇರಿದರು. ವೈದ್ಯರು ಅವರನ್ನು ಔಷಧಬಲದಿಂದ ಪ್ರಜ್ಞಾಹೀನ ಸ್ಥಿತಿಯಲ್ಲಿರಿಸಿ ಉಪಚರಿಸಿದರು. ಬಳಿಕ ಅವರು ತಾಯ್ನಾಡಿಗೆ ಮರಳಿದರು.

ಗೊನ್ಸಾಲ್ವಿಸ್ ಬಿದ್ದ ದಿನ ಮೊದಲು ಅಲ್ಲಿ ನಿಂತವರು ಹಿಂದಿನ ವರ್ಷದ ವಿಜೇತ, ಆಸ್ಟ್ರೇಲಿಯದ ಟೋಬಿ ಪ್ರೈಸ್. ತಮ್ಮ ಗೆಲುವಿನ ಚಿಂತೆಯನ್ನು ಬದಿಗಿಟ್ಟು ಅವರು ಬಿದ್ದವನ ಬಳಿ ಉಳಿದರು. ಅವರು ಕಳೆದುಕೊಂಡ ಸಮಯವನ್ನು ಸಂಘಟಕರು ಅನಂತರ ಮರಳಿ ಲೆಕ್ಕಕ್ಕೆ ಕೊಟ್ಟರು.

ವಾಚಕರು ಮನಗಾಣಬೇಕಾದುದು ಇದನ್ನೇ. ಪ್ರತಿಸ್ಪರ್ಧಿಗಳೇ ಒಬ್ಬರಿಗೊಬ್ಬರು ನಿಲ್ಲುವಾಗ, ನಮ್ಮ ಸೇಡಂ-ಚಿತ್ತಾಪುರದ ರಸ್ತೆಯಲ್ಲಿ ಬಿದ್ದವನನ್ನು ಕಂಡೂ ಪೊಲೀಸರ ವಿಚಾರಣೆಗೆ ಅಂಜಿ ಮುಂದೆ ಸಾಗುವುದು ಸರಿಯೆ? ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯೇ ರಕ್ಷಣೆ ನೀಡಿದೆ. ತಮ್ಮ ಹೆಸರು, ವಿಳಾಸ ಹೇಳಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ.

ಮಗನ ಕೈಗೆ ಬೈಕಿನ ಕೀಲಿ ಕೊಡುವ ತಂದೆತಾಯಿಗಳು ಹೆಲ್ಮೆಟ್ಟಿನೊಡನೆ ಎರಡು ಮಾತುಗಳನ್ನೂ ಕೊಡಲಿ: ಕಾಗಿಣಾ ನದಿ ಉಕ್ಕಿ ಸೇತುವೆಯ ಮೇಲೆ ಹರಿಯುವಾಗ ಈಚೆಯೇ ನಿಲ್ಲು, ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಅವರ ಬಳಿ ನಿಲ್ಲು.